ಎಣ್ಣೆಗಾಯಿಯ ಕೆಂಪು, ಬಣ್ಣದ ಕಳ್ಳರು

ಹುಬ್ಬಳ್ಳಿಯಿಂದ ದಾವಣಗೆರೆಯತ್ತ ಹೊರಟ ರೈಲು ಹಾವೇರಿಯನ್ನು ಬಿಟ್ಟ ಮೇಲೆ ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಎಂದು ಒಂದರ ಹಿಂದೊಂದು ನಿಲ್ದಾಣಗಳು ಬರುತ್ತವೆ. ಕಿಟಕಿಯ ಆಚೆ ಗೋವಿನಜೋಳ, ಹತ್ತಿ, ನಡುನಡುವೆ ಮೆಣಸಿನಕಾಯಿಯ ಹೊಲ. ಜನವರಿ ಕಳೆದು ಬಿಸಿಲು ಏರತೊಡಗಿದಾಗ ಈ ದಾರಿಯಲ್ಲಿ ಬಂದವರಿಗೆ ಊರಿನ ಹೆಸರಿನ ಫಲಕ ಓದುವ ಅಗತ್ಯವಿಲ್ಲ. ಬ್ಯಾಡಗಿಯ ಪೇಟೆ ಹತ್ತಿರವಾದರೆ ಮೂಗು ತಾನೇ ಹೇಳುತ್ತದೆ. ಒಂದು ಸೀನು ಬಂದರೆ ಊರು ಬಂತೆಂದು ಲೆಕ್ಕ.

ವಿಜ್ಞಾನದ ಮೇಷ್ಟ್ರಾದ ನನಗೆ ಆ ಸೀನೇ ಒಂದು ಪಾಠ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಸುಲಭವಾಗಿ ಆವಿಯಾಗುವ ವಸ್ತುವಲ್ಲ. ಒಣಗಿದ ಕಾಯಿಯನ್ನು ಸುರಿದಾಗ, ತುಳಿದಾಗ, ಚೀಲಕ್ಕೆ ತುಂಬಿದಾಗ ಏಳುವ ಕಣ್ಣಿಗೆ ಕಾಣದ ಧೂಳಿನ ಮೇಲೆ ಅದು ಸವಾರಿ ಮಾಡಿಕೊಂಡು ಬಂದು ಮೂಗಿನ ಪೊರೆಗೆ ತಾಗುತ್ತದೆ. ಘಾಟು ಎಂದು ನಾವು ಕರೆಯುವುದು ನಿಜಕ್ಕೂ ಮೆಣಸಿನಕಾಯಿಯ ಪುಡಿಯನ್ನೇ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಆ ವರ್ಷದ ಆಗಸ್ಟಿನಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. ಹಾವೇರಿಯಲ್ಲಿ ಏಲಕ್ಕಿ ಹಾರ ಮತ್ತು ಪಶ್ಚಿಮಕ್ಕೆ ಮುಖ ಮಾಡಿದ ಚಾಲುಕ್ಯರ ಕಾಲದ ಸಿದ್ಧೇಶ್ವರ ಗುಡಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ, ರಾಣೆಬೆನ್ನೂರಿನಲ್ಲಿ ಬೀಜ ಮತ್ತು ಕೃಷ್ಣಮೃಗ, ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಆದರೆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ವಸ್ತು ಇಲ್ಲಿಯ ಊಟದ ತಟ್ಟೆಯಲ್ಲಿದೆ. ಅದು ಬದನೆಕಾಯಿ ಎಣ್ಣೆಗಾಯಿ. ಅದರ ಕೆಂಪು ಬಣ್ಣದ ಬೆನ್ನು ಹತ್ತಿ ಹೋದರೆ ನಾವು ಪೇಟೆಗೂ ಹೋಗುತ್ತೇವೆ, ಲಂಡನ್ನಿಗೂ ಹೋಗುತ್ತೇವೆ, ಕೊನೆಗೆ ಒಂದು ಹಳೆಯ ಅಪರಾಧದ ಎದುರು ಹೋಗಿ ನಿಲ್ಲುತ್ತೇವೆ.

ತಟ್ಟೆಯಲ್ಲಿ ತೇಲುವ ಕೆಂಪು

ಎಣ್ಣೆಗಾಯಿ ಈ ಭಾಗದವರಿಗೆ ಹೊಸದಾಗಿ ಹೇಳಬೇಕಾದ ಅಡುಗೆಯಲ್ಲ. ಎಳೆಯ, ಗುಂಡಗಿನ ಬದನೆಕಾಯಿಗಳನ್ನು ತೊಟ್ಟು ತೆಗೆಯದೆ ನಾಲ್ಕು ಸೀಳಾಗಿ ಕೊಯ್ದು ಉಪ್ಪುನೀರಿನಲ್ಲಿ ಹಾಕಬೇಕು. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಸ್ವಲ್ಪ ಹುಣಸೆ, ಸ್ವಲ್ಪ ಬೆಲ್ಲ, ಉಪ್ಪು, ಇವೆಲ್ಲದರ ಜೊತೆ ಮಸಾಲೆ ಖಾರ ಸೇರಿಸಿ ರುಬ್ಬಿ, ಕಾಯಿಯ ಹೊಟ್ಟೆಗೆ ತುಂಬಬೇಕು. ಕೈ ಬಿಟ್ಟು ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಬೇಯಿಸಬೇಕು. ಉರಿ ಜಾಸ್ತಿ ಮಾಡಿದರೆ ಹೊರಗೆ ಸೀಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬೆಂದದ್ದು ಗೊತ್ತಾಗುವುದು ಹೇಗೆ? ನಮ್ಮ ಮನೆಗಳಲ್ಲಿ ಗಡಿಯಾರ ನೋಡುವುದಿಲ್ಲ. ಮಸಾಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು ಕೆಂಪಗೆ ತೇಲಿತೆಂದರೆ ಇಳಿಸಬೇಕು.

ಆ ತೇಲುವ ಕೆಂಪನ್ನು ಒಮ್ಮೆ ಗಮನವಿಟ್ಟು ನೋಡಿ. ಕೆಳಗಿನ ನೀರಿನ ಅಂಶ ಕಂದು ಬಣ್ಣದ್ದು, ಮೇಲಿನ ಎಣ್ಣೆ ಮಾತ್ರ ಮಾಣಿಕ್ಯದಂತೆ ಕೆಂಪು. ಮೆಣಸಿನಕಾಯಿಯ ಬಣ್ಣ ನೀರಿಗೆ ಇಳಿಯುವುದಿಲ್ಲ, ಎಣ್ಣೆಗೆ ಇಳಿಯುತ್ತದೆ. ಈ ಬಣ್ಣದ ಮುಖ್ಯ ವಸ್ತುವಿನ ಹೆಸರು ಕ್ಯಾಪ್ಸಾಂಥಿನ್. ಗಜ್ಜರಿಗೆ ಕಿತ್ತಳೆ ಬಣ್ಣ ಕೊಡುವ ಕ್ಯಾರೊಟಿನ್‌ನ ದಾಯಾದಿ ಇದು. ಒಂದೊಂದು ಅಣುವಿನಲ್ಲೂ 40 ಇಂಗಾಲದ ಪರಮಾಣುಗಳು. ಅವುಗಳ ನಡುವೆ ಒಂದು ಬಿಟ್ಟು ಒಂದರಂತೆ ದ್ವಿಬಂಧಗಳ ಉದ್ದನೆಯ ಸರಪಳಿ. ಬೆಳಕಿನ ನೀಲಿ, ಹಸಿರು ಪಾಲನ್ನು ಈ ಸರಪಳಿ ಹೀರಿಕೊಳ್ಳುವುದರಿಂದ ನಮ್ಮ ಕಣ್ಣಿಗೆ ಕೆಂಪು ಉಳಿಯುತ್ತದೆ.

ಖಾರ ಬೇರೆ, ಬಣ್ಣ ಬೇರೆ ಎಂಬುದನ್ನು ಮಕ್ಕಳು ಮೊದಲು ತಿಳಿಯಬೇಕು. ಬಣ್ಣ ಇರುವುದು ಕಾಯಿಯ ಸಿಪ್ಪೆಯಲ್ಲಿ. ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ದಿಂಡಿನಲ್ಲಿ. ಬೀಜವೇ ಖಾರ ಎಂಬ ನಂಬಿಕೆ ಸರಿಯಲ್ಲ. ದಿಂಡಿನ ಖಾರ ಬೀಜಕ್ಕೆ ಮೆತ್ತಿಕೊಂಡಿರುತ್ತದೆ ಅಷ್ಟೇ. ಬ್ಯಾಡಗಿ ತಳಿಯ ಹೆಚ್ಚುಗಾರಿಕೆ ಇರುವುದು ಇಲ್ಲೇ. ಅದರಲ್ಲಿ ಬಣ್ಣ ಬಹಳ, ಖಾರ ಕಡಿಮೆ. ಬೇರೆ ಕಾಯಿಯಾದರೆ ಒಂದು ಚಮಚೆಗೆ ಕಣ್ಣಲ್ಲಿ ನೀರು ಬರುವ ಕಡೆ, ಇದನ್ನು ಎರಡು ಚಮಚೆ ಹಾಕಬಹುದು. ಸಾಂಬಾರು ವ್ಯಾಪಾರದವರು ಬಣ್ಣವನ್ನು ಅಳೆಯಲು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ‘ಆಸ್ಟಾ’ ಎಂಬ ಮಾನ ಬಳಸುತ್ತಾರೆ. ಒಳ್ಳೆಯ ಬ್ಯಾಡಗಿ ಕಾಯಿ ಆ ಮಾನದಲ್ಲಿ 150ರ ಆಸುಪಾಸು ನಿಲ್ಲುತ್ತದೆ. ಒಂದು ಟನ್ ಕಾಯಿಯಿಂದ ಸುಮಾರು 50 ಲೀಟರ್ ಕೆಂಪೆಣ್ಣೆ, ಅಂದರೆ ಓಲಿಯೊರೆಸಿನ್, ತೆಗೆಯುತ್ತಾರೆ. ಅದು ತಿಂಡಿ ತಿನಿಸುಗಳಿಗೆ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ಇಷ್ಟು ಬೆಲೆಬಾಳುವ ಕೆಂಪಿಗೆ ಒಂದು ದೌರ್ಬಲ್ಯ ಇದೆ. ಬೆಳಕು, ಬಿಸಿ, ಗಾಳಿಯ ಆಮ್ಲಜನಕ ಮೂರೂ ಸೇರಿ ಆ ಉದ್ದನೆಯ ಸರಪಳಿಯನ್ನು ಕಡಿಯುತ್ತವೆ. ದಿನ ಕಳೆದಂತೆ ಬಣ್ಣ ಮಾಸುತ್ತದೆ. ಪುಡಿ ಮಾಡಿದರೆ ಇನ್ನೂ ಬೇಗ ಮಾಸುತ್ತದೆ. ಮುಂದೆ ಹೇಳುವ ಎಲ್ಲ ಕಥೆಗಳ ಬೇರು ಇಲ್ಲಿದೆ.

ಬಣ್ಣಕ್ಕೆ ಬೆಲೆ ಕಟ್ಟುವ ಪೇಟೆ

ಹಾವೇರಿಯಿಂದ ಹೆದ್ದಾರಿಯಲ್ಲಿ ಬಂದು ಮೋಟೆಬೆನ್ನೂರಿನಲ್ಲಿ ತಿರುಗಿದರೆ ಬ್ಯಾಡಗಿ. ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಗುಂಡೇಟಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಪ್ರಾಣ ಕೊಟ್ಟರು. ಅಂದಿನ ಸರಕಾರದ ಕಣ್ಣಿನಲ್ಲಿ ಅದು ಅಪರಾಧ, ಜನರ ನೆನಪಿನಲ್ಲಿ ಬಲಿದಾನ. ಯಾವುದು ಅಪರಾಧ ಎಂಬುದನ್ನು ದಫ್ತರ ಒಂದು ರೀತಿ ಬರೆದರೆ ಜನ ಇನ್ನೊಂದು ರೀತಿ ಬರೆಯುತ್ತಾರೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಪೇಟೆಗೆ ಹೋಗೋಣ. ಅಲ್ಲಿ ಕಾಣುವ ಅಪರಾಧದ ಕಥೆ ಇದಕ್ಕೆ ತದ್ವಿರುದ್ಧವಾದದ್ದು.

ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಏಷ್ಯಾದ ದೊಡ್ಡ ಮೆಣಸಿನಕಾಯಿ ಪೇಟೆಗಳಲ್ಲಿ ಒಂದು. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಗಟ್ಟಲೆ ಚೀಲ ಬಂದು ಬೀಳುತ್ತವೆ. ಇಷ್ಟೂ ಕಾಯಿ ಬ್ಯಾಡಗಿಯ ಹೊಲದ್ದೆಂದು ತಿಳಿಯಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಧಾರವಾಡ ಜಿಲ್ಲೆಗಳಿಂದ, ಆಂಧ್ರದ ಕರ್ನೂಲಿನಿಂದ ಲಾರಿಗಳು ಬರುತ್ತವೆ. ಊರಿನ ಹೆಸರು ತಳಿಗೆ ಬಂತು, ತಳಿ ಊರು ದಾಟಿ ಹೋಯಿತು. 2011ರಲ್ಲಿ ‘ಬ್ಯಾಡಗಿ ಮೆಣಸಿನಕಾಯಿ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಇಲ್ಲಿ ಎರಡು ಬಗೆಯ ಹೆಸರು ಕಿವಿಗೆ ಬೀಳುತ್ತದೆ. ಒಂದು ಡಬ್ಬಿ, ಇನ್ನೊಂದು ಕಡ್ಡಿ. ಡಬ್ಬಿ ಗಿಡ್ಡ, ಉಬ್ಬಿದ ಹೊಟ್ಟೆಯದು; ಬಣ್ಣಕ್ಕೂ ರುಚಿಗೂ ಹೆಸರಾದದ್ದು. ಕಡ್ಡಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಎರಡರ ಮೈಮೇಲೂ ಮುದುಕರ ಕೈಯಂತೆ ಸುಕ್ಕು. ಆ ಸುಕ್ಕೇ ಬ್ಯಾಡಗಿಯ ಗುರುತು.

ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುವುದನ್ನು ಈ ಊರಿನಲ್ಲಿ ಎಲ್ಲೆಡೆ ಕಾಣಬಹುದು. ಪ್ರವಾಸಕ್ಕೆ ಬಂದ ನಮ್ಮ ಶಾಲೆಯ ಹುಡುಗನೊಬ್ಬ ಒಬ್ಬ ಅಜ್ಜಿಯನ್ನು ಕೇಳಿದ: “ಅಜ್ಜಿ, ಕೈ ಉರಿಯಂಗಿಲ್ಲೇನು?”

“ಮೊದಮೊದಲ ಉರೀತಿತ್ತಪ್ಪಾ. ಈಗ ಕೈಗೆ ರೂಢಿ ಆಗೇತಿ. ಮನಿಗೆ ಹೋಗಿ ಮೊಮ್ಮಗನ ಮಾರಿ ಮುಟ್ಟಾಕಷ್ಟ ಅಂಜತೇನಿ.”

ಈ ಒಂದು ಮಾತು ನಮ್ಮ ಮಕ್ಕಳಿಗೆ ಪೇಟೆಯ ಎಲ್ಲ ಅಂಕಿ ಅಂಶಗಳಿಗಿಂತ ಹೆಚ್ಚು ಕಲಿಸಿತು. ತಟ್ಟೆಯ ಕೆಂಪಿನ ಹಿಂದೆ ಇಂಥ ಎಷ್ಟೋ ಕೈಗಳಿವೆ.

ವ್ಯಾಪಾರಿಗಳು ರಾಶಿಯಿಂದ ರಾಶಿಗೆ ನಡೆದು, ಒಂದು ಹಿಡಿ ಎತ್ತಿ, ಮುರಿದು, ಮೂಸಿ, ಬೆಳಕಿಗೆ ಹಿಡಿದು ನೋಡಿ ಟೆಂಡರ್ ದರ ಹಾಕುತ್ತಾರೆ. ರಾಶಿಯ ಪಕ್ಕದಲ್ಲಿ ನಿಂತ ರೈತರೊಬ್ಬರು ಅಂದದ್ದು ಹೀಗೆ: “ಗಿಡದಾಗ ಬಣ್ಣಾ ದೇವ್ರು ಕೊಡ್ತಾನ್ರೀ ಸರ. ಕಣದಾಗ ಬಿಸಿಲು ಕಸಗೊಂತೈತಿ.” ಅವರು ಹೇಳಿದ್ದು ಅಕ್ಷರಶಃ ರಸಾಯನ ವಿಜ್ಞಾನ. ಒಣಗಿಸದೆ ಇದ್ದರೆ ಬೂಸ್ಟು ಬರುತ್ತದೆ. ಕೆಲವು ಬಗೆಯ ಬೂಸ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅತಿಯಾಗಿ ಒಣಗಿಸಿದರೆ ಬಣ್ಣ ಹೋಗುತ್ತದೆ, ದರ ಬೀಳುತ್ತದೆ. ಊರ ಸುತ್ತ ಎದ್ದಿರುವ ಶೀತಲಗೃಹಗಳು ಈ ಬಣ್ಣವನ್ನು ಕತ್ತಲಲ್ಲಿ, ತಣ್ಣಗೆ ಕಾಯ್ದಿಡುವ ಕೋಟೆಗಳು.

ಬೆಲೆ ಎಂಬುದು ಇಲ್ಲಿ ಎಂಥ ಸೂಕ್ಷ್ಮ ಸಂಗತಿ ಎಂಬುದು 2024ರ ಮಾರ್ಚ್ 11ರ ಸೋಮವಾರ ಇಡೀ ನಾಡಿಗೆ ಗೊತ್ತಾಯಿತು. ದರ ಕುಸಿದದ್ದನ್ನು ಕಂಡು ರೊಚ್ಚಿಗೆದ್ದ ಗುಂಪು ಮಾರುಕಟ್ಟೆಯ ಕಚೇರಿಗೆ ನುಗ್ಗಿತು, ವಾಹನಗಳಿಗೆ ಬೆಂಕಿ ಬಿತ್ತು. ಅದನ್ನು ಸರಿ ಎನ್ನಲಾಗದು. ಆದರೆ ಒಂದು ವರ್ಷದ ಸಂಸಾರವೆಲ್ಲ ಒಂದು ರಾಶಿಯ ಬಣ್ಣದ ಮೇಲೆ ನಿಂತಿರುವವರ ಎದೆಯುರಿಯನ್ನು ಅರಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಏಕೆಂದರೆ ಅಷ್ಟು ಕಷ್ಟಪಟ್ಟು ಕಾಯ್ದ ಬಣ್ಣವನ್ನು ಬಿಸಿಲೂ ಕಾಣದ, ಹೊಲವೂ ಕಾಣದ ಕೆಲವರು ಒಂದು ಡಬ್ಬದಿಂದ ಸುರಿದು ತಯಾರಿಸುತ್ತಾರೆ.

ಒಂದು ಬಾಟಲಿ ಸಾಸ್ ಹೇಳಿದ ಸಾಕ್ಷಿ

2003ರ ಮೇ ತಿಂಗಳಲ್ಲಿ ಫ್ರಾನ್ಸಿನ ಅಧಿಕಾರಿಗಳು ಭಾರತದಿಂದ ಬಂದ ಮೆಣಸಿನಪುಡಿಯ ಪದಾರ್ಥಗಳಲ್ಲಿ ‘ಸುಡಾನ್-1’ ಎಂಬ ಬಣ್ಣ ಪತ್ತೆ ಮಾಡಿ ಯೂರೋಪಿನ ಇತರ ದೇಶಗಳಿಗೆ ಎಚ್ಚರಿಕೆ ಕೊಟ್ಟರು. ಇದು ಕಾರ್ಖಾನೆಯಲ್ಲಿ ತಯಾರಾಗುವ ಬಣ್ಣ. ಮೇಣ, ಎಣ್ಣೆ, ಬೂಟ್ ಪಾಲಿಶ್ ಮುಂತಾದವಕ್ಕೆ ಬಳಸತಕ್ಕದ್ದು. ಆಹಾರದಲ್ಲಿ ಅದಕ್ಕೆ ಅನುಮತಿ ಭಾರತದಲ್ಲೂ ಇಲ್ಲ, ಯೂರೋಪಿನಲ್ಲೂ ಇಲ್ಲ. ಜೂನ್ ತಿಂಗಳಲ್ಲೇ ಯೂರೋಪಿನ ಒಕ್ಕೂಟ ಪರೀಕ್ಷೆಯ ಪತ್ರವಿಲ್ಲದ ಮೆಣಸಿನಪುಡಿಗೆ ಬಾಗಿಲು ಮುಚ್ಚಿತು. ನಮ್ಮ ಸಾಂಬಾರು ಮಂಡಳಿಯೂ ರಫ್ತಿಗೆ ಮೊದಲು ಈ ಪರೀಕ್ಷೆಯನ್ನು ಕಡ್ಡಾಯ ಮಾಡಿತು.

ಆದರೆ ಅದಕ್ಕೆ ಮೊದಲೇ, 2002ರಲ್ಲಿ, ಒಂದಿಷ್ಟು ಪುಡಿ ಇಂಗ್ಲೆಂಡ್ ತಲುಪಿತ್ತು. ಅದು ಪ್ರೀಮಿಯರ್ ಫುಡ್ಸ್ ಎಂಬ ಕಂಪನಿಯ ವೂಸ್ಟರ್ ಸಾಸ್ ಸೇರಿತು. ಆ ಸಾಸು ನೂರಾರು ಬಗೆಯ ಸಿದ್ಧ ಆಹಾರಗಳಿಗೆ ಸೇರಿತು. 2005ರ ಫೆಬ್ರವರಿ 18ರಂದು ಅಲ್ಲಿಯ ಆಹಾರ ಗುಣಮಟ್ಟ ಸಂಸ್ಥೆ ಒಂದು ಪಟ್ಟಿ ಹೊರಡಿಸಿತು. ಅದರಲ್ಲಿ 350ಕ್ಕೂ ಹೆಚ್ಚು ತಿನಿಸುಗಳು. ಮುಂದಿನ ದಿನಗಳಲ್ಲಿ ಪಟ್ಟಿ 400 ದಾಟಿತು. ಸೂಪು, ಪಿಜ್ಜಾ, ನೂಡಲ್ಸ್ ಎಲ್ಲವನ್ನೂ ಅಂಗಡಿಗಳ ಕಪಾಟಿನಿಂದ ಇಳಿಸಿ ಎಸೆಯಬೇಕಾಯಿತು. ಆ ದೇಶ ಅದುವರೆಗೆ ಕಂಡ ಅತಿ ದೊಡ್ಡ ಆಹಾರ ವಾಪಸಾತಿಗಳಲ್ಲಿ ಅದೊಂದು.

ಸುಡಾನ್-1 ತಿಂದವರೆಲ್ಲ ಕಾಯಿಲೆ ಬಿದ್ದರೇ? ಇಲ್ಲ. ಮಾತನ್ನು ತೂಗಿ ಹೇಳಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಬಣ್ಣ ಗಡ್ಡೆಗಳನ್ನು ಉಂಟುಮಾಡಿದೆ. ಮನುಷ್ಯರ ವಿಷಯದಲ್ಲಿ ಸಾಕಷ್ಟು ಪುರಾವೆ ಇಲ್ಲವೆಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಮೂರನೆಯ ಗುಂಪಿಗೆ ಹಾಕಿದೆ. ಒಮ್ಮೆ ತಿಂದವರಿಗೆ ಅಪಾಯ ತೀರ ಕಡಿಮೆ ಎಂದು ಇಂಗ್ಲೆಂಡಿನ ಅಧಿಕಾರಿಗಳೂ ಹೇಳಿದರು. ಆದರೂ ತಿನ್ನುವವನಿಗೆ ಗೊತ್ತಿಲ್ಲದಂತೆ ಬೂಟ್ ಪಾಲಿಶಿನ ಬಣ್ಣ ತಿನ್ನಿಸುವುದು ಕಳ್ಳತನವಲ್ಲದೆ ಮತ್ತೇನು?

ಕಳ್ಳರು ಈ ಬಣ್ಣವನ್ನೇ ಏಕೆ ಆರಿಸಿಕೊಂಡರು? ಎಣ್ಣೆಗಾಯಿಯ ಪಾತ್ರೆ ನೆನಪಿಸಿಕೊಳ್ಳಿ. ಸುಡಾನ್ ಬಣ್ಣವೂ ನೀರಿಗೆ ಇಳಿಯುವುದಿಲ್ಲ, ಎಣ್ಣೆಗೆ ಇಳಿಯುತ್ತದೆ. ಬೆಂದ ಮೇಲೆ ಅದೂ ಕೆಂಪಗೆ ತೇಲುತ್ತದೆ. ತಲೆಮಾರುಗಳಿಂದ ನಮ್ಮ ತಾಯಂದಿರು ನಂಬಿಕೊಂಡು ಬಂದ ಪರೀಕ್ಷೆಯಲ್ಲೇ ಅದು ಪಾಸಾಗುತ್ತದೆ. ಪತ್ತೇದಾರಿ ಕಾದಂಬರಿಗಳಲ್ಲಿ ಮನೆಯವರ ವೇಷ ಹಾಕಿಕೊಂಡು ಒಳಗೆ ಬರುವ ಕಳ್ಳನಿದ್ದಂತೆ. ಅವನನ್ನು ಹಿಡಿಯಲು ಕ್ರೊಮೆಟೋಗ್ರಫಿ ಎಂಬ ವಿಧಾನವೇ ಬೇಕು. ಬೆರೆತು ಹೋದ ಬಣ್ಣಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ, ಯಾರು ಎಲ್ಲಿ ನಿಂತರು ಎಂಬುದರಿಂದ ಗುರುತು ಹಚ್ಚುವ ವಿಧಾನ ಅದು.

ಇನ್ನೂರು ವರ್ಷದ ಹಳೆಯ ಅಪರಾಧ

ಈ ಕಳವು ಇಂದಿನದಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಫ್ರೆಡರಿಕ್ ಆಕ್ಯುಮ್ ಎಂಬ ರಸಾಯನ ವಿಜ್ಞಾನಿ 1820ರಲ್ಲಿ ಆಹಾರದ ಕಲಬೆರಕೆಯ ಮೇಲೆ ಒಂದು ಪುಸ್ತಕ ಬರೆದ. ಒಂದೇ ತಿಂಗಳಲ್ಲಿ ಸಾವಿರ ಪ್ರತಿ ಖರ್ಚಾದವು. ಮೆಣಸಿನಪುಡಿಗೆ ಕೆಂಪು ಸೀಸ ಬೆರೆಸುತ್ತಾರೆ ಎಂದು ಅದರಲ್ಲಿ ಬರೆದು, ಕಾರಣವನ್ನೂ ಕೊಟ್ಟ: ಬೆಳಕಿಗೆ ಇಟ್ಟಾಗ ಪುಡಿ ಬಿಳಿಚಿಕೊಳ್ಳದಿರಲಿ ಎಂದು! ನಮ್ಮ ರೈತರು ಕಣದಲ್ಲಿ ನಿಂತು ಹೇಳಿದ ಮಾತನ್ನೇ ಆ ಕಾಲದ ಲಂಡನ್ನಿನ ಕಳ್ಳರೂ ಅರಿತಿದ್ದರು.

ಆಕ್ಯುಮ್ ಬರಿಯ ವಸ್ತುಗಳ ಹೆಸರು ಬರೆದು ಸುಮ್ಮನಾಗಲಿಲ್ಲ, ಕಲಬೆರಕೆಗಾಗಿ ಶಿಕ್ಷೆಯಾದ ವ್ಯಾಪಾರಿಗಳ ಹೆಸರುಗಳನ್ನೂ ಅಚ್ಚು ಹಾಕಿಸಿದ. ಅದೇ ವರ್ಷದ ಕೊನೆಗೆ ಅವನ ಮೇಲೆಯೇ ಒಂದು ಆಪಾದನೆ ಬಂತು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಗ್ರಂಥಾಲಯದಲ್ಲಿ ಪುಸ್ತಕದ ಹಾಳೆ ಹರಿದನೆಂದು ಮೊಕದ್ದಮೆ. ಅವನು ಜರ್ಮನಿಗೆ ಹೊರಟುಹೋದ. ಇಂಗ್ಲೆಂಡಿನಲ್ಲಿ ಕಲಬೆರಕೆಯ ವಿರುದ್ಧ ಕಾಯಿದೆ ಬಂದದ್ದು 1860ರಲ್ಲಿ. ಅದಕ್ಕೆ ದಾರಿ ಮಾಡಿದವನು ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯ. 1850ರ ದಶಕದಲ್ಲಿ ಅವನು ಅಂಗಡಿ ಅಂಗಡಿಯ ಪದಾರ್ಥಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬರೆದ. ಮೆಣಸಿನಪುಡಿಯಲ್ಲಿ ಅವನಿಗೂ ಕೆಂಪು ಸೀಸ ಸಿಕ್ಕಿತು.

ಕೆಂಪು ಸೀಸವೆಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಹಿಂದೆ ಬಳಿಯುತ್ತಿದ್ದ ಬಣ್ಣ. ಸುಡಾನ್ ಬಣ್ಣದ ವಿಷಯದಲ್ಲಿ ಮಾತನ್ನು ತೂಗಿ ಹೇಳಿದೆ. ಇದರ ವಿಷಯದಲ್ಲಿ ಆ ಅಗತ್ಯವಿಲ್ಲ. ಸೀಸ ಮೈಯಲ್ಲಿ ನಿಲ್ಲುತ್ತದೆ, ಎಲುಬಿನಲ್ಲಿ ಸೇರಿಕೊಳ್ಳುತ್ತದೆ, ಬೆಳೆಯುವ ಮಕ್ಕಳ ಮೆದುಳನ್ನು ಕುಂದಿಸುತ್ತದೆ. ಇಷ್ಟೆಲ್ಲ ಗೊತ್ತಿದ್ದ ಕಾಲದಲ್ಲೂ, 1994ರಲ್ಲಿ, ಹಂಗೆರಿ ದೇಶದಲ್ಲಿ ಅದೇ ಅಪರಾಧ ನಡೆಯಿತು.

ಹಂಗೆರಿಯವರಿಗೆ ಪಾಪ್ರಿಕಾ ಎಂದರೆ ನಮಗೆ ಬ್ಯಾಡಗಿ ಇದ್ದಂತೆ. ಖಾರ ಕಡಿಮೆ, ಬಣ್ಣ ಹೆಚ್ಚು. ಅದಿಲ್ಲದೆ ಅಲ್ಲಿಯ ಗೂಲಾಷ್ ಎಂಬ ಸಾರು ಆಗುವುದಿಲ್ಲ. ಕಾಲೋಚಾ, ಸೆಗೆಡ್ ಎಂಬ ಎರಡು ಊರುಗಳು ಅದರಿಂದಲೇ ಹೆಸರಾಗಿವೆ. ಸೆಗೆಡ್ ಊರಿನ ಬಗ್ಗೆ ಒಂದು ಸೊಗಸಾದ ಪ್ರಸಂಗವಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಅವರಿಗೆ 1930ರ ದಶಕದ ಆರಂಭದಲ್ಲಿ ಸಿ ಜೀವಸತ್ವ ಬೇಕಾದಷ್ಟು ಸಿಗುತ್ತಿರಲಿಲ್ಲ. ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿಯ ಪಾಪ್ರಿಕಾ ಬಡಿಸಿದರು. ಪ್ರಾಧ್ಯಾಪಕರಿಗೆ ತಿನ್ನಲು ಮನಸ್ಸಿಲ್ಲ. ಹೆಂಡತಿಯ ಎದುರು ಬೇಡ ಎನ್ನಲು ಧೈರ್ಯವೂ ಇಲ್ಲ. ಇದನ್ನು ಪರೀಕ್ಷಿಸಿಯೇ ನೋಡಿಲ್ಲವಲ್ಲ ಎಂದು ಪ್ರಯೋಗಾಲಯಕ್ಕೆ ಒಯ್ದರು. ಮಧ್ಯರಾತ್ರಿಯ ಹೊತ್ತಿಗೆ ಅದು ಸಿ ಜೀವಸತ್ವದ ಗಣಿ ಎಂದು ಗೊತ್ತಾಯಿತು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ.

ಇಂಥ ಹೆಮ್ಮೆಯ ಕಾಯಿಯ ಪುಡಿಗೆ ಅದೇ ದೇಶದ ಕೆಲವರು ಕೆಂಪು ಸೀಸ ಬೆರೆಸಿ ಮಾರಿದರು. ಜನ ಆಸ್ಪತ್ರೆ ಸೇರಿದರು. ಸರಕಾರ ಪಾಪ್ರಿಕಾ ಪುಡಿಯ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಪೊಲೀಸರು ಹಲವರನ್ನು ಬಂಧಿಸಿದರು. ಬೆರೆಸಿದವರು ಕೆಲವರು, ತಲೆ ತಗ್ಗಿಸಿ ನಿಂತವರು ಪ್ರಾಮಾಣಿಕ ಬೆಳೆಗಾರರೆಲ್ಲ. 2005ರಲ್ಲಿ ‘ಭಾರತದ ಮೆಣಸಿನಪುಡಿ’ ಎಂಬ ಮಾತು ಪರದೇಶದ ಪತ್ರಿಕೆಗಳಲ್ಲಿ ಬಂದಾಗ ನಮ್ಮ ರೈತರಿಗೂ ಆದದ್ದು ಅದೇ.

ಕೊಲೆಯಾದರೆ ಹೆಣವಿರುತ್ತದೆ, ಕನ್ನ ಹಾಕಿದರೆ ಗೋಡೆಯಲ್ಲಿ ತೂತಿರುತ್ತದೆ. ಕಲಬೆರಕೆಯಲ್ಲಿ ಯಾವುದೂ ಇಲ್ಲ. ಸಾಕ್ಷಿಯನ್ನು ನಾವೇ ತಿಂದು ಅರಗಿಸಿಕೊಂಡಿರುತ್ತೇವೆ. ಶಿಕ್ಷೆಯನ್ನಾದರೂ ನೋಡಿ. 1860ರ ಭಾರತೀಯ ದಂಡ ಸಂಹಿತೆಯ 272ನೆಯ ಕಲಂ ಪ್ರಕಾರ ಕಲಬೆರಕೆಗೆ ಹೆಚ್ಚೆಂದರೆ ಆರು ತಿಂಗಳ ಸೆರೆ, ಇಲ್ಲವೇ 1000 ರೂಪಾಯಿ ದಂಡ, ಇಲ್ಲವೇ ಎರಡೂ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 274ನೆಯ ಕಲಮಿನಲ್ಲಿ ದಂಡ 5000 ರೂಪಾಯಿಗೆ ಏರಿತು. ಸೆರೆ ಅದೇ ಆರು ತಿಂಗಳು. 2006ರ ಆಹಾರ ಸುರಕ್ಷತೆ ಕಾಯಿದೆ ಮಾತ್ರ ಬಿಗಿಯಾಗಿದೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಮೈಲಾರ ಮಹಾದೇವಪ್ಪನವರು ಮಾಡಿದ್ದು ಸರಕಾರದ ಪುಸ್ತಕದಲ್ಲಿ ದೊಡ್ಡ ಅಪರಾಧ, ಜನರ ಪುಸ್ತಕದಲ್ಲಿ ಪುಣ್ಯ. ಕಲಬೆರಕೆ ಸರಕಾರದ ಹಳೆಯ ಪುಸ್ತಕದಲ್ಲಿ ಸಣ್ಣ ಅಪರಾಧ; ಉಣ್ಣುವವರ ಪುಸ್ತಕದಲ್ಲಿ ಅದನ್ನು ಎಷ್ಟು ದೊಡ್ಡದಾಗಿ ಬರೆಯಬೇಕೋ!

ಬೀಜದ ಊರಿನಲ್ಲಿ

ಬಣ್ಣದ ಮೊದಲ ಅಕ್ಷರ ಬರೆಯುವುದು ಬೀಜದಲ್ಲಿ. ಅದಕ್ಕಾಗಿ ರಾಣೆಬೆನ್ನೂರಿಗೆ ಬರಬೇಕು. ಹತ್ತಿ, ತರಕಾರಿ ಬೀಜಗಳ ಉತ್ಪಾದನೆಗೆ ಈ ಸೀಮೆ ಹೆಸರಾಗಿದೆ. ಸಂಕರ ಬೀಜ ತಯಾರಿಸುವ ಹೊಲಗಳಲ್ಲಿ ಮೊಗ್ಗು ಅರಳುವ ಮೊದಲೇ ಅದರ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ಕೈಯಿಂದಲೇ ಹಚ್ಚುತ್ತಾರೆ. ಪಠ್ಯಪುಸ್ತಕದ ಮೆಂಡಲನ ಪಾಠ ಇಲ್ಲಿ ಕೂಲಿಯ ಕೆಲಸ. ಹೂವಿನ ಪಾಠ ಮಾಡುವ ಮೊದಲು ಒಮ್ಮೆ ಮಕ್ಕಳನ್ನು ಇಂಥ ಹೊಲಕ್ಕೆ ಕರೆದೊಯ್ದರೆ ಚಿತ್ರ ಬರೆಯಿಸುವ ಶ್ರಮ ಅರ್ಧ ಉಳಿಯುತ್ತದೆ.

ಮೆಣಸಿನ ಗಿಡ ಪರಪರಾಗಕ್ಕೆ ಬೇಗ ಒಲಿಯುವಂಥದ್ದು. ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದರೆ ದುಂಬಿ ಎರಡನ್ನೂ ಬೆರೆಸುತ್ತದೆ. ಮನೆಯಲ್ಲೇ ಬೀಜ ಕಟ್ಟಿಡುತ್ತಿದ್ದ ಹಿರಿಯರು ಒಳ್ಳೆಯ ಕಾಯಿಯನ್ನು ಆರಿಸಿ ತೆಗೆದಿಡುತ್ತಿದ್ದುದು ಇದಕ್ಕೇ. ಈಗ ಪೇಟೆಯಲ್ಲಿ 2043, 5531 ಎಂದು ಸಂಖ್ಯೆಯ ಹೆಸರು ಹೊತ್ತ ಸಂಕರ ತಳಿಗಳೂ ಇವೆ. ಇವು ಕಲಬೆರಕೆಯಲ್ಲ, ಇಳುವರಿ ನೋಡಿ ರೈತರು ಬೆಳೆಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದನ್ನು ಇನ್ನೊಂದರ ಹೆಸರಿನಲ್ಲಿ ಕೊಳ್ಳುವವರಿಗೆ ದಾಟಿಸಿದರೆ ಅಲ್ಲಿಂದ ಮೋಸ ಶುರುವಾಗುತ್ತದೆ.

ಬ್ಯಾಡಗಿ ತಾಲೂಕಿನಲ್ಲೇ ಕಾಗಿನೆಲೆ ಇದೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಧಾನ್ಯಗಳನ್ನೇ ನ್ಯಾಯಸ್ಥಾನಕ್ಕೆ ತಂದವರು. ಭತ್ತ ಮತ್ತು ರಾಗಿಯ ಜಗಳ ರಾಮನ ಮುಂದೆ ಬರುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಅಲ್ಲಿಯೂ ಆರು ತಿಂಗಳು! ಆದರೆ ಮೆಣಸಿನಪುಡಿಯ ನ್ಯಾಯ ಬೇರೆ. ಆರು ತಿಂಗಳು ಬೆಳಕಿನಲ್ಲಿಟ್ಟ ಮೇಲೆ ಮಾಸಿದ್ದೇ ಇಲ್ಲಿ ಸಾಚಾ; ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುತ್ತಿರುವುದನ್ನು ಕಟಕಟೆಗೆ ತರಬೇಕು.

ಮನೆಯಲ್ಲಿ, ಶಾಲೆಯಲ್ಲಿ

ವಿದ್ಯಾರ್ಥಿಗಳು ಮಾಡಬಹುದಾದ ಒಂದೆರಡು ಪರೀಕ್ಷೆಗಳಿವೆ. ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ಅದರ ಮೇಲೆ ಮೆಣಸಿನಪುಡಿ ಉದುರಿಸಿ. ಕಲಕಬೇಡಿ. ನೀರಿನಲ್ಲಿ ಕರಗುವ ಬಣ್ಣ ಬೆರೆತಿದ್ದರೆ ಕೆಂಪು ಗೆರೆಗಳು ಕೂಡಲೇ ಕೆಳಗಿಳಿಯುತ್ತವೆ. ಇಟ್ಟಿಗೆಯ ಪುಡಿ ಇದ್ದರೆ ತಳಕ್ಕೆ ಕೂರುತ್ತದೆ. ಬೆರಳಿನಲ್ಲಿ ತಿಕ್ಕಿದರೆ ಮರಳಿನಂತೆ ಗರಗರ ಎನ್ನುತ್ತದೆ. ಎರಡು ಕಾಗದದ ಮೇಲೆ ಒಂದೊಂದು ಚಮಚೆ ಪುಡಿ ಹರಡಿ, ಒಂದನ್ನು ಕಿಟಕಿಯ ಬಿಸಿಲಿಗೆ, ಇನ್ನೊಂದನ್ನು ಕಪಾಟಿನ ಕತ್ತಲಿಗೆ ಇಡಿ. ವಾರಕ್ಕೊಮ್ಮೆ ಪಕ್ಕಪಕ್ಕ ಇಟ್ಟು ನೋಡಿ ಬರೆದುಕೊಳ್ಳಿ. ಪರೀಕ್ಷೆ ಮಾಡಿದ ಪುಡಿಯನ್ನು ಅಡುಗೆಗೆ ಬಳಸಬೇಡಿ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಒಂದು ಎಚ್ಚರಿಕೆ. ಈ ಪರೀಕ್ಷೆಗಳಲ್ಲಿ ಪಾಸಾದ ಪುಡಿ ಶುದ್ಧವೆಂದು ತೀರ್ಪು ಕೊಡುವಂತಿಲ್ಲ. ಸುಡಾನ್ ಬಣ್ಣ ಲೋಟದ ನೀರಿಗೆ ಸಿಕ್ಕಿಬೀಳುವುದಿಲ್ಲ. ಅನುಮಾನವಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು. ಹಣ ಕಟ್ಟಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಹಕ್ಕು ಕೊಳ್ಳುವವರಿಗೆ ಇದೆ.

ತಂದೆ ತಾಯಂದಿರಿಗೆ ಒಂದು ಮಾತು. ಕಲಬೆರಕೆ ಮಾಡುವವನು ನಮ್ಮ ಕಣ್ಣನ್ನು ನೋಡಿಯೇ ಬಣ್ಣ ಬೆರೆಸುತ್ತಾನೆ. ಎರಡು ಡಬ್ಬಿಗಳಲ್ಲಿ ಹೆಚ್ಚು ಕೆಂಪಗಿರುವುದನ್ನೇ ನಾವು ಎತ್ತಿಕೊಳ್ಳುವವರೆಗೆ ಅವನಿಗೆ ಕೆಲಸ ತಪ್ಪುವುದಿಲ್ಲ. ಮಾಸಲು ಕೆಂಪಿನ ಪುಡಿಯನ್ನು ತಂದ ಮಗನನ್ನು ‘ಹಳೇದು ತಂದಿ’ ಎಂದು ಅಂಗಡಿಗೆ ಮರಳಿ ಅಟ್ಟುವ ಮೊದಲು ಒಮ್ಮೆ ಯೋಚಿಸಬೇಕು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಇಡೀ ಕಾಯಿ ಕೊಂಡು, ತೊಟ್ಟು ತೆಗೆದು, ಮನೆಯ ಮುಂದೆ ಒಣಗಿಸಿ, ಗಿರಣಿಗೆ ಹೋಗಿ ನಿಂತು ಪುಡಿ ಮಾಡಿಸಿಕೊಂಡು ಬರುತ್ತಿದ್ದ ನಮ್ಮ ಹಿಂದಿನವರ ಪದ್ಧತಿ ಹಳೆಯದಾಗಿ ಕಾಣಬಹುದು. ಆದರೆ ಸುಕ್ಕುಗಟ್ಟಿದ ಇಡೀ ಕಾಯಿಯಲ್ಲಿ ಮೋಸ ಅಡಗಿಸುವುದು ಪುಡಿಯಲ್ಲಿ ಅಡಗಿಸಿದಷ್ಟು ಸುಲಭವಲ್ಲ. ವರ್ಷದ್ದು ಆಗದಿದ್ದರೆ ಎರಡು ತಿಂಗಳದ್ದಾದರೂ ಮಾಡಿಸಿಕೊಳ್ಳಬಹುದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆಯಿಂದ ದೂರ, ಕತ್ತಲಲ್ಲಿ ಇಡಬೇಕು.

ಈ ಊರುಗಳನ್ನು ನೋಡಲು ಬರುವವರು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬರುವುದು ಒಳ್ಳೆಯದು, ಪೇಟೆ ತುಂಬಿರುತ್ತದೆ. ಹಾವೇರಿಗೆ ಹುಬ್ಬಳ್ಳಿಯಿಂದ ಸುಮಾರು 75 ಕಿಲೋಮೀಟರು. ಬಸ್ಸೂ ಇದೆ, ರೈಲೂ ಇದೆ. ಬೆಳಿಗ್ಗೆ ಸಿದ್ಧೇಶ್ವರ ಗುಡಿ, ಮಧ್ಯಾಹ್ನದೊಳಗೆ ಬ್ಯಾಡಗಿ ಪೇಟೆ, ಅಲ್ಲಿಂದ ಕಾಗಿನೆಲೆ. ಮಾರನೆಯ ದಿನ ರಾಣೆಬೆನ್ನೂರಿನ ಹೊಲಗಳು ಮತ್ತು 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ. ಮೂಗಿಗೆ ಕಟ್ಟಿಕೊಳ್ಳಲು ಒಂದು ವಸ್ತ್ರ ಮರೆಯದೆ ತರಬೇಕು. ಊಟಕ್ಕೆ ಖಾನಾವಳಿ ಹುಡುಕಿ ಕುಳಿತರೆ ಜೋಳದ ರೊಟ್ಟಿಯ ಪಕ್ಕ ಎಣ್ಣೆಗಾಯಿ ಬರುತ್ತದೆ. ಮೇಲೆ ತೇಲುವ ಎಣ್ಣೆ ಕಣ್ಣು ಕುಕ್ಕುವಷ್ಟು ಕೆಂಪಗಿಲ್ಲದಿದ್ದರೆ ಮುಖ ಸಿಂಡರಿಸಬೇಡಿ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಳ್ಳಿ.